ಖಾಲಿ ಕೈಗಳು

ಜನವರಿ ೯, ಮಂಗಳವಾರ

ನಿರ್ದೇಶಕರ ಅಭಿನಂದನಾ ಗ್ರಂಥ ಇವತ್ತು ಎಲ್ಲರ ಮೇಜಿಗೂ ಬಂತು. ತಲೆಯಡಿಗೆ ಇಟ್ಟುಕೊಂಡು ಮಲಗಬಹುದು, ಅಷ್ಟು ದಪ್ಪ. ನೋಡಬಾರದು ಅಂದುಕೊಂಡೇ ತೆರೆದೆ. ನಡುವೆಲ್ಲೋ ನನ್ನ ಕೋಶದ ಚಿತ್ರವಿತ್ತು. ದ್ರವಕ್ಕೆ ಗಾಳಿಯ ತೇವ ಒಂದಿಷ್ಟೂ ತಾಗದಂತೆ ಅದರ ವಿದ್ಯುತ್ ವಾಹಕತೆ ಅಳೆಯುವ ಪುಟ್ಟ ಗಾಜಿನ ಕೋಶ. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ, ಗಾಜು ಊದುವವನ ಪಕ್ಕದಲ್ಲಿ ಒಂದು ಬೇಸಿಗೆ ಪೂರ್ತಿ ಕೂತು ಬೆಂದು, ಒಡೆದದ್ದನ್ನು ಮತ್ತೆ ಮತ್ತೆ ಮಾಡಿಸಿ ತಂದದ್ದು. ಚಿತ್ರದ ಕೆಳಗೆ ಅವರ ಹೆಸರಿದೆ. ಲೋಕವೆಲ್ಲ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತದೆ. ನನ್ನ ವಿದ್ಯಾರ್ಥಿಗಳೂ ಹಾಗೇ ಕರೆಯುತ್ತಾರೆ. ತಿದ್ದಿ ತಿದ್ದಿ ಬಾಯಿ ಸೋತು ಬಿಟ್ಟಿದ್ದೇನೆ.

ಮಧ್ಯಾಹ್ನ ಕರೆಸಿಕೊಂಡರು. ಗ್ರಂಥ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಆಮೇಲೆ ನಿಜವಾದ ವಿಷಯಕ್ಕೆ ಬಂದರು. ನಮ್ಮ ಇಂಧನ ಕೋಶದ ವಿಭಾಗವನ್ನು ಏಪ್ರಿಲ್‌ನಲ್ಲಿ ಬ್ಯಾಟರಿ ವಿಭಾಗದೊಳಗೆ ಸೇರಿಸುವ ಯೋಚನೆಯಂತೆ. ಬ್ಯಾಟರಿಯವನು ನನಗಿಂತ ಎಂಟು ವರ್ಷ ಚಿಕ್ಕವನು. ಇನ್ನು ಮೇಲೆ ರಜೆಗೂ ಅವನ ಸಹಿ ಬೇಕು.

"ಹೊಸದು ಏನಾದ್ರೂ ತೋರಿಸಮ್ಮ," ಎಂದರು. "ಇಲ್ಲಾಂದ್ರೆ ನನ್ನ ಕೈಲೂ ಏನೂ ಆಗಲ್ಲ."

ಆ 'ಅಮ್ಮ' ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಮನೆಗೆ ಬಂದು ಗ್ರಂಥವನ್ನು ಅಪ್ಪನ ಮಡಿಲಿಗೆ ಹಾಕಿದೆ. ಈ ಮನೆಯಲ್ಲಿ ನಾವಿಬ್ಬರೇ, ನನ್ನ ಕೋಪ ಕಕ್ಕುವುದಕ್ಕೆ ಅವರೊಬ್ಬರೇ. ಆಯುಷ್ಯವೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದಿದವರು, ಎಂಬತ್ತು ದಾಟಿದರೂ ಪೆನ್ಸಿಲ್ ಬಿಟ್ಟಿಲ್ಲ. ಊಟದ ಹೊತ್ತಿಗೆ ಮೊದಲ ಅಧ್ಯಾಯದ ತಪ್ಪುಗಳೆಲ್ಲ ಗುರುತಾಗಿದ್ದವು. ನಿರ್ದೇಶಕರ ಊರಿನ ಹೆಸರಲ್ಲೇ ಒತ್ತಕ್ಷರ ಬಿಟ್ಟುಹೋಗಿದೆಯಂತೆ. ನಕ್ಕೆ. ಇವತ್ತಿಗೆ ಅಷ್ಟೇ ಲಾಭ.

ಜನವರಿ ೧೨, ಶುಕ್ರವಾರ

ಎಡಚಿ ಇವತ್ತು ಒಂದು ಸೀಸೆ ಹಾಳು ಮಾಡಿದಳು.

ಅವಳಿಗೆ ಆ ಹೆಸರಿಟ್ಟವರು ಯಾರೋ ತಿಳಿಯದು, ಪ್ರಯೋಗಾಲಯದಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಅವಳೂ ಓ ಎನ್ನುತ್ತಾಳೆ. ಎಡಗೈಯಲ್ಲೇ ಎಲ್ಲ ಕೆಲಸ. ಮಗು ಬೆಳೆಸುತ್ತ ಕೆಲವು ವರ್ಷ ಮನೆಯಲ್ಲಿದ್ದು, ಮೂವತ್ತೇಳಕ್ಕೆ ಮತ್ತೆ ಬಂದಿದ್ದಾಳೆ. ಗುತ್ತಿಗೆಯ ಸಹಾಯಕಿ ಕೆಲಸ. ಗಾಳಿಯಾಡದ ಗ್ಲೋವ್ ಬಾಕ್ಸಿನ ರಬ್ಬರ್ ತೋಳುಗಳೊಳಗೆ ಕೈ ತೂರಿಸಿ ತೂಕ ಮಾಡುವಾಗ ತಕ್ಕಡಿ ಬಲಗೈಯವರ ಕಡೆಗಿರುತ್ತದೆ, ಅವಳು ಮೈ ಸೊಟ್ಟ ಮಾಡಿಕೊಂಡು ನಿಲ್ಲಬೇಕು. ಇವತ್ತು ಬಟ್ಟಲಿನ ತೂಕವನ್ನು ಎರಡು ಸಲ ಕಳೆದು ಪ್ರತ್ಯಾಮ್ಲ ಹೆಚ್ಚು ಹಾಕಿಬಿಟ್ಟಳು. ದ್ರವ ತೆಳು ಹಳದಿಗೆ ತಿರುಗಿತ್ತು.

ಎಲ್ಲರ ಮುಂದೆಯೇ ಬೈದೆ. ಆಮ್ಲ, ಪ್ರತ್ಯಾಮ್ಲ ಸಮಸಮ ಇಲ್ಲದಿದ್ದರೆ ಅದು ನಮ್ಮ ಅಯಾನಿಕ ದ್ರವವೇ ಅಲ್ಲ, ಕಸ, ಎಸೆದುಬಿಡು ಎಂದೆ. ಬೈದದ್ದು ಜಾಸ್ತಿಯಾಯಿತೇನೋ. ನಿರ್ದೇಶಕರ ಮೇಲಿನ ಸಿಟ್ಟು ಪಾಪ ಅವಳ ಮೇಲೆ ಹೋಯಿತು.

ಜನವರಿ ೨೩, ಮಂಗಳವಾರ

ಅವಳು ಎಸೆದಿಲ್ಲ!

ಸಂಜೆ ಎಲ್ಲರೂ ಹೋದ ಮೇಲೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಬೈಬೇಡಿ ಎಂದು ಮೊದಲೇ ಕೇಳಿಕೊಂಡು, ಒಂದು ಹಾಳೆ ಮುಂದಿಟ್ಟಳು. ಆ ಹಳದಿ ಸೀಸೆಯ ದ್ರವವನ್ನು ಸುಮ್ಮನೆ ಕುತೂಹಲಕ್ಕೆ ಅಳೆದಿದ್ದಾಳೆ. ನೀರು ಕುದಿಯುವುದಕ್ಕಿಂತ ಹೆಚ್ಚಿನ ಬಿಸಿಯಲ್ಲಿ, ನಮ್ಮ ಶುದ್ಧ ದ್ರವಕ್ಕಿಂತ ಅದರ ವಾಹಕತೆ ಎಷ್ಟೋ ಪಟ್ಟು ಮೇಲಿದೆ. ಮೊದಲು ನನಗೆ ಹೊಳೆದದ್ದು ನೀರು. ಒಂದಿಷ್ಟು ತೇವ ಸೇರಿದ್ದರೂ ಹೀಗೇ ಮೋಸವಾಗುತ್ತದೆ. ಅವಳು ಅದನ್ನೂ ನೋಡಿದ್ದಾಳೆ, ನಿರ್ವಾತದಲ್ಲಿ ಒಣಗಿಸಿ ಮತ್ತೆ ಅಳೆದಿದ್ದಾಳೆ. ಅಂಕಿ ಕದಲಿಲ್ಲ.

ಹೇಗೆ ಆಗಿರಬಹುದು, ನಿನಗೇನನ್ನಿಸುತ್ತದೆ ಎಂದು ಕೇಳಿದೆ. ಅವಳು ತನ್ನೆರಡು ಕೈಯನ್ನೂ ನೋಡಿಕೊಂಡಳು.

"ಸಮಸಮ ಹಾಕಿದ್ರೆ ಎಲ್ಲ ಪ್ರತ್ಯಾಮ್ಲದ ಕೈಯಲ್ಲೂ ಒಂದೊಂದು ಪ್ರೋಟಾನ್ ಇರತ್ತಲ್ಲ ಮೇಡಂ. ಎಲ್ಲರ ಕೈಯೂ ತುಂಬಿದ್ರೆ ದಾಟಿಸೋದು ಯಾರಿಗೆ? ಹೆಚ್ಚಿಗೆ ಹಾಕಿದಾಗ ಖಾಲಿ ಕೈಗಳು ಉಳಿದಿವೆ."

ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಬೇರೆ ಲವಣಗಳಲ್ಲಿ ಇಂಥದ್ದು ಕಂಡದ್ದು ಹಳೆಯ ಪ್ರಬಂಧಗಳಲ್ಲಿದೆ. ನಮ್ಮ ಲವಣದಲ್ಲಿ ಆಗದು ಎಂದು ನಾವೇ ಬರೆದು ಮುಗಿಸಿ ಕೂತಿದ್ದೆವು.

ಜನವರಿ ೨೪, ಬುಧವಾರ

ಅಪ್ಪನಿಗೆ ಎಲ್ಲ ಹೇಳಿದೆ. ನೀರೇ ಇಲ್ಲದೆ ಉಪ್ಪು ಹೇಗಮ್ಮ ದ್ರವ ಆಗತ್ತೆ ಅಂತ ಅವರದು ಹಳೆಯ ತಕರಾರು. ಇಂಧನ ಕೋಶದಲ್ಲಿ ಜಲಜನಕ ಒಡೆದು ಬಂದ ಪ್ರೋಟಾನ್ ಈ ಕಡೆಯಿಂದ ಆ ಕಡೆಗೆ ದಾಟಬೇಕು, ನೀರಿದ್ದರೆ ಸಲೀಸಾಗಿ ದಾಟುತ್ತದೆ, ಆದರೆ ಬಿಸಿ ಏರಿದರೆ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೇ ಆವಿಯಾಗದ ಈ ಉಪ್ಪಿನ ದ್ರವ ಎಂದು ಮತ್ತೊಮ್ಮೆ ಹೇಳಿದೆ. ಇಷ್ಟು ದಿನ ನಮ್ಮ ದ್ರವದಲ್ಲಿ ಪ್ರೋಟಾನ್ ದಪ್ಪ ಅಯಾನಿನ ಬೆನ್ನೇರಿ ಕುಂಟುತ್ತ ಹೋಗುತ್ತಿತ್ತು. ಈಗ ಕೈಯಿಂದ ಕೈಗೆ ಹಾರುತ್ತಿದೆ.

ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನವರ ಟಿಕೆಟ್ ದುಡ್ಡು ಮುಂದಕ್ಕೆ ಬರುವ ಹಾಗೆ ಎಂದರು ಅಪ್ಪ. ಅದೇ ಎಂದೆ.

"ಬೈಸಿಕೊಂಡೂ ಎಸೆಯದೆ ಇಟ್ಟಳಲ್ಲ, ಗಟ್ಟಿಗಿತ್ತಿ," ಎಂದರು.

ಪ್ರಬಂಧದಲ್ಲಿ ಅವಳ ಹೆಸರೇ ಮೊದಲು ಬರಬೇಕು. ನಿರ್ಧರಿಸಿದ್ದೇನೆ. ನನಗಾದದ್ದು ಇನ್ನೊಬ್ಬಳಿಗೆ ಆಗಬಾರದು.

ಫೆಬ್ರವರಿ ೧೪, ಬುಧವಾರ

ಮೂರು ವಾರ ಮೈ ಮುರಿದು ಕೆಲಸ. ಪ್ರತ್ಯಾಮ್ಲವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೊಸ ಸೀಸೆಗಳನ್ನು ಮಾಡಿದೆವು. ಒಂದು ಮಿತಿಯವರೆಗೆ ವಾಹಕತೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಕಣಗಳ ವೇಗ ತೋರಿಸುವ ಎನ್‌ಎಂಆರ್ ಯಂತ್ರ ಬ್ಯಾಟರಿಯವನ ವಶದಲ್ಲಿದೆ, ಹಲ್ಲು ಕಚ್ಚಿ ಹೋಗಿ ಕೇಳಿದೆ. ಕೊಟ್ಟ. ಪ್ರೋಟಾನ್ ತನ್ನನ್ನು ಹೊತ್ತ ಅಯಾನಿಗಿಂತ ಮುಂದೆ ಓಡುತ್ತಿರುವುದು ಸ್ಪಷ್ಟವಾಗಿ ಕಂಡಿತು. ಹಾರದೆ ಹಾಗೆ ಓಡಲು ಸಾಧ್ಯವೇ ಇಲ್ಲ.

ಯಾವ ಅನುಪಾತಗಳಲ್ಲಿ ಮಾಡಬೇಕು ಎಂಬ ಯೋಜನೆ ನನ್ನದು. ಎಡಚಿ ಚುರುಕಾಗಿ ಕೆಲಸ ಮಾಡುತ್ತಾಳೆ, ಆದರೆ ಮುಂದೇನು ಎಂದು ಹೇಳಿಕೊಡಬೇಕು.

ಮಾರ್ಚ್ ೪, ಸೋಮವಾರ

ನಿರ್ದೇಶಕರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆ ಒಂದೇ ಸಲ ಕಂಡಿದ್ದೇನೆ, ನನ್ನ ಕೋಶ ಮೊದಲ ಬಾರಿ ಕೆಲಸ ಮಾಡಿದ ದಿನ.

ವಿಭಾಗ ಉಳಿಯುತ್ತದೆ ಎಂದರು. ಹೆಸರುಗಳ ಕ್ರಮ ನೋಡಿ ಹುಬ್ಬು ಗಂಟಿಕ್ಕಿದರು. "ಗುತ್ತಿಗೆಯವಳ ಹೆಸರು ಮೊದಲಿದ್ರೆ, ವಿಭಾಗ ನಿನ್ನ ತಲೆಯಿಂದ ನಡೀತಿದೆ ಅಂತ ನಾನು ಮಂಡಳಿ ಮುಂದೆ ಹೇಗೆ ವಾದ ಮಾಡ್ಲಿ?"

ಹಾಗೆ ಮಾಡುವುದು ನ್ಯಾಯವಲ್ಲ ಸರ್ ಎಂದೆ. ನ್ಯಾಯದ ಮಾತಲ್ಲ, ಉಳಿವಿನ ಮಾತು ಎಂದರು. ಈ ಮನುಷ್ಯನ ಮೇಲೆ ನನಗೆ ಎಷ್ಟೇ ಕಹಿ ಇರಲಿ, ಆಡಳಿತ ಗೊತ್ತಿರುವವರು. ವಿಭಾಗವೇ ಹೋದರೆ ಅವಳ ಕೆಲಸವೂ ಹೋದ ಹಾಗೆ. ಯೋಚಿಸುತ್ತೇನೆ ಎಂದು ಬಂದೆ.

ಮಾರ್ಚ್ ೬, ಬುಧವಾರ

ಹೇಳಿದೆ. ಎರಡನೆಯ ಹೆಸರು ನಿನ್ನದು, ಅದೇನೂ ಸಣ್ಣದಲ್ಲ ಎಂದೆ ಎಡಚಿಗೆ. ಅವಳು "ಹೂಂ ಮೇಡಂ" ಎಂದಳು, ಅಷ್ಟೇ. ಮಗುವಿಗೆ ಜ್ವರ ಎಂದು ಬೇಗ ಹೊರಟವಳು ಬಾಗಿಲ ಹತ್ತಿರ ನಿಂತು, ಖಾಲಿ ಕೈ ಎಂಬ ಮಾತನ್ನು ಪ್ರಬಂಧದಲ್ಲಿ ಉಳಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಖಂಡಿತ ಎಂದೆ.

ನನ್ನ ಕಾಲದಲ್ಲಿ ನನ್ನನ್ನು ಕರೆದು ಕೂರಿಸಿ ಇಷ್ಟು ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ.

ಏಪ್ರಿಲ್ ೮, ಸೋಮವಾರ

ಅವಳು ಬರೆದ ಕರಡು ಶಾಲೆಯ ಪ್ರಬಂಧದ ಹಾಗಿದೆ. ಆಯಿತು, ನೋಡಿದೆವು, ಕಂಡಿತು. ಇಡೀ ವಾರ ಕೂತು ಮೊದಲಿನಿಂದ ನಾನೇ ಬರೆದೆ. ಬರೆಯುತ್ತ ಹೋದಂತೆ ಒಂದು ಮಾತು ತಿಳಿಯಿತು. ಒಂದು ಸೀಸೆ ಹಳದಿಯಾಗುವುದು ಏನೂ ಅಲ್ಲ. ದಿನಾ ಎಷ್ಟೋ ಸೀಸೆ ಹಳದಿಯಾಗುತ್ತವೆ. ಅದಕ್ಕೆ ಅರ್ಥ ಕೊಡುವವರು ಬೇಕು. ಈ ಪ್ರಬಂಧದ ಎಲುಬೆಲ್ಲ ನನ್ನದೇ.

ಏಪ್ರಿಲ್ ೧೧, ಗುರುವಾರ

ಪ್ರಬಂಧವನ್ನು ಪತ್ರಿಕೆಗೆ ಕಳಿಸಿದೆ. ಬೆನ್ನು ನೋವು.

ಮೇ ೧೭, ಶುಕ್ರವಾರ

ವಿಮರ್ಶಕರ ಪ್ರಶ್ನೆಗಳು ಬಂದಿವೆ. ಎನ್‌ಎಂಆರ್ ಅಳತೆ ಇನ್ನಷ್ಟು ಬೇಕಂತೆ. ಬ್ಯಾಟರಿಯವನು ಒಪ್ಪಿದ, ಹೆಸರು ಸೇರಿಸಬೇಕು ಎಂಬ ಷರತ್ತಿನ ಮೇಲೆ. ಹತ್ತಿರದಿಂದ ನೋಡಿದರೆ ಅವನು ಕೆಟ್ಟವನೇನಲ್ಲ. ಕೊನೆಯಲ್ಲಿ ನಿರ್ದೇಶಕರ ಹೆಸರು. ಅದು ಎಲ್ಲ ಕಡೆಯ ರೂಢಿ, ಅದರಲ್ಲಿ ತಪ್ಪು ಹುಡುಕುತ್ತ ಕೂತರೆ ಸಂಸ್ಥೆ ನಡೆಯುವುದಿಲ್ಲ.

ಯಾರು ಯಾರು ಏನು ಮಾಡಿದರು ಎಂದು ಪತ್ರಿಕೆಯವರು ಈಗ ಒಂದೊಂದು ಸಾಲಿನಲ್ಲಿ ಬರೆದುಕೊಡಲು ಹೇಳುತ್ತಾರೆ. ಸಹಾಯಕಿಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ತೂಕ ಮಾಡಿದಳು, ದ್ರವ ಬೆರೆಸಿದಳು, ಅಳೆದಳು. ತೂಕ ಮಾಡಿದ್ದಕ್ಕೆ ಲೇಖಕಿ ಎನ್ನುವುದಾದರೆ ತಕ್ಕಡಿಯನ್ನೂ ಸೇರಿಸಬೇಕಾದೀತು ಎಂದು ನಿರ್ದೇಶಕರು ನಗೆಯಾಡಿದರು. ನಾನೂ ನಕ್ಕೆ, ಮಾತು ಹಾಗಿತ್ತು. ಕೊನೆಯ ಕೃತಜ್ಞತೆಯಲ್ಲಿ ಎಲ್ಲರಿಗಿಂತ ಮೊದಲು ಅವಳ ಹೆಸರು ಹಾಕಿದ್ದೇನೆ. ಗೌರವದ ಜಾಗವೇ.

ಅಪ್ಪ ರಾತ್ರಿ ಊಟಕ್ಕೆ ಕೂತಾಗ ಆ ಹೆಣ್ಣುಮಗಳು ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

ಜೂನ್ ೧೨, ಬುಧವಾರ

ಇಂಥ ಮಾತು ಕೇಳಬೇಕಾಗಿ ಬಂತಲ್ಲ.

ಪ್ರಬಂಧ ಒಪ್ಪಿಗೆಯಾಗಿ ಅಂತಿಮ ಪ್ರತಿ ಬಂದಿತ್ತು. ಯಾರು ತೋರಿಸಿದರೋ, ಸಹಾಯಕಿ ನೇರ ನನ್ನ ಕೋಣೆಗೆ ಬಂದಳು. ಬಾಗಿಲು ಮುಚ್ಚಿದಳು. ಕೂರು ಎಂದರೆ ಕೂರಲಿಲ್ಲ.

"ನನ್ನ ಹೆಸರು ಇಲ್ಲ."

ಕೃತಜ್ಞತೆಯಲ್ಲಿ ಇದೆ, ನೋಡು ಎಂದೆ.

"ನೋಡ್ದೆ. ಗಾಜು ತೊಳೆಯೋರ ಹೆಸರಿನ ಜೊತೆಗೆ ಇದೆ." ಅವಳು ಜೋರಾಗಿ ಮಾತಾಡಲಿಲ್ಲ, ಜೋರು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಮೇಡಂ, ಆ ಸೀಸೆ ಎಸಿ ಅಂದಿದ್ದು ನೀವು. ಇಟ್ಕೊಂಡಿದ್ದು ನಾನು."

ನನಗೆ ಆಶ್ಚರ್ಯವಾಯಿತು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬಣ್ಣ ಬದಲಾದದ್ದು ಕಂಡ ಕೂಡಲೇ ನನಗೆ ಏನೋ ಅನ್ನಿಸಿತ್ತು, ಬೈದದ್ದು ನಿಜ, ಆದರೆ ಪಕ್ಕಕ್ಕಿಡು, ಆಮೇಲೆ ನೋಡೋಣ ಎಂದಿದ್ದೆ. ಹಾಗೇ ಹೇಳಿದೆ.

ಅವಳು ಮೇಜಿನ ಹತ್ತಿರಕ್ಕೆ ಬಂದಳು.

"ನಿಮಗೆ ನಿಜವಾಗ್ಲೂ ಹಾಗೇ ನೆನಪಿದ್ಯಾ?"

"ಹೌದು."

"ನೀವು ಸುಳ್ಳು ಹೇಳ್ತಿದೀರಿ ಅಂದ್ಕೊಂಡು ಬಂದೆ," ಎಂದಳು. "ಸುಳ್ಳಾಗಿದ್ರೆ ಜಗಳ ಆಡಬಹುದಿತ್ತು."

ಹೊರಟುಹೋದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು. ಎಷ್ಟು ಅಹಂಕಾರ. ಕೆಲಸ ಬಿಟ್ಟು ಮನೆಯಲ್ಲಿದ್ದವಳನ್ನು ಕರೆದು ಕೆಲಸ ಕೊಟ್ಟವಳು ನಾನು.

ಜುಲೈ ೧, ಸೋಮವಾರ

ಸಹಾಯಕಿಯ ಗುತ್ತಿಗೆ ನಿನ್ನೆಗೆ ಮುಗಿಯಿತು. ವಿಸ್ತರಿಸುವ ಶಿಫಾರಸು ನನ್ನ ಮೇಜಿನ ಮೇಲೆ ಇತ್ತು. ವಿಭಾಗದಲ್ಲಿ ಪರಸ್ಪರ ನಂಬಿಕೆ ಇಲ್ಲದೆ ಕೆಲಸ ಆಗುವುದಿಲ್ಲ, ಅದನ್ನಷ್ಟೇ ಬರೆದೆ. ಒಂದು ಕೆಟ್ಟ ಮಾತೂ ಬರೆದಿಲ್ಲ.

ಬೆಳಿಗ್ಗೆ ಬಂದು ತನ್ನ ಕಾಫಿ ಕಪ್ಪು, ಒಂದು ಜೊತೆ ಚಪ್ಪಲಿ, ಮಗು ಬಿಡಿಸಿದ ಚಿತ್ರ ತೆಗೆದುಕೊಂಡು ಹೋದಳಂತೆ. ನಾನು ಸಭೆಯಲ್ಲಿದ್ದೆ. ಬೇರೆಲ್ಲೋ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ ಎಂದು ಯಾರೋ ಹೇಳಿದರು. ಒಳ್ಳೆಯದೇ ಆಯಿತು. ಮಗು ಇರುವವರಿಗೆ ಶಾಲೆಯ ವೇಳೆ ಅನುಕೂಲ.

ಗ್ಲೋವ್ ಬಾಕ್ಸಿನ ಎಡ ತೋಳಿನ ರಬ್ಬರ್ ಸವೆದು ತೂತಾಗಿದೆ. ಬದಲಾಯಿಸಲು ಹೇಳಿದೆ.

ಆಗಸ್ಟ್ ೧೨, ಸೋಮವಾರ

ಸಮ್ಮೇಳನದ ಮುಖ್ಯ ಉಪನ್ಯಾಸ. ಸಭಾಂಗಣ ತುಂಬಿತ್ತು, ಹಿಂದೆ ಜನ ಗೋಡೆಗೆ ಒರಗಿ ನಿಂತಿದ್ದರು. ಖಾಲಿ ಕೈಗಳ ಮಾತು ಬಂದಾಗ ನನ್ನೆರಡು ಕೈಯನ್ನೂ ಎತ್ತಿ ತೋರಿಸಿದೆ. ಆ ಹೋಲಿಕೆ ನನಗೆ ಹೇಗೆ ಹೊಳೆಯಿತೋ, ಜನಕ್ಕೆ ತುಂಬಾ ಹಿಡಿಸಿತು. ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಯುವಕ ಎದ್ದು, ಪ್ರತ್ಯಾಮ್ಲವನ್ನು ಬೇಕೆಂದೇ ಹೆಚ್ಚು ಹಾಕಿ ನೋಡುವ ಧೈರ್ಯ ಹೇಗೆ ಬಂತು ಎಂದು ಕೇಳಿದ. ಒಂದು ಸೀಸೆ ಹಾಳಾಗಿತ್ತು, ಎಲ್ಲರೂ ಎಸೆಯಿರಿ ಎಂದರು, ನಾನು ಎಸೆಯಲು ಬಿಡಲಿಲ್ಲ ಎಂದೆ. ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು.

ನಿರ್ದೇಶಕರು ಮುಂದಿನ ಸಾಲಿನಲ್ಲಿದ್ದರು. ಹೊರಗೆ ಬಂದಾಗ ಕೈ ಕುಲುಕಿ, "ಈಗ ನೀನು ನನ್ನ ನಿಜವಾದ ಶಿಷ್ಯೆ," ಎಂದರು. ಇಷ್ಟು ವರ್ಷ ಆ ಮಾತಿಗಾಗಿ ಕಾದಿದ್ದೆನೋ ಏನೋ.

ಆಗಸ್ಟ್ ೧೮, ಭಾನುವಾರ

ದಿನಪತ್ರಿಕೆಯಲ್ಲಿ ಬಂದಿದೆ. ನನ್ನ ಚಿತ್ರ, ಅರ್ಧ ಪುಟ, ಮೇಲೆ ದಪ್ಪ ಅಕ್ಷರದಲ್ಲಿ 'ಖಾಲಿ ಕೈಗಳ ವಿಜ್ಞಾನಿ'. ಅಪ್ಪನಿಗೆ ಕೊಟ್ಟು ಕಾಫಿ ಮಾಡಲು ಹೋದೆ. ಬರುವಷ್ಟರಲ್ಲಿ ಪೆನ್ಸಿಲ್ ಹಿಡಿದಿದ್ದರು. ಅಕ್ಷರತಪ್ಪು ಇರಬೇಕು ಎಂದುಕೊಂಡೆ. ಸೀಸೆಯ ಕಥೆಯ ಸಾಲಿನ ನಡುವೆ ಏನೋ ಬಿಟ್ಟುಹೋಗಿದೆ ಎಂಬ ಗುರುತು ಹಾಕಿ, ಅಂಚಿನವರೆಗೂ ಗೆರೆ ಎಳೆದು, ಅಂಚನ್ನು ಖಾಲಿ ಬಿಟ್ಟಿದ್ದರು.

ಏನು ಬಿಟ್ಟಿದ್ದಾರೆ ಅಪ್ಪ ಎಂದು ಕೇಳಿದೆ.

"ಆ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲವಲ್ಲ," ಎಂದರು. "ನೀನೇ ಬರಿ."

ಯಾವ ಹೆಣ್ಣುಮಗಳು ಎಂದೆ. ಎಸಿ ಅಂದರೂ ಎಸೆಯದೆ ಇಟ್ಟುಕೊಂಡವಳು ಎಂದರು. ಇಲ್ಲದ ಕಥೆಯನ್ನು ಎಷ್ಟು ಖಚಿತವಾಗಿ ಹೇಳಿದರೆಂದರೆ ನನಗೆ ಹೆದರಿಕೆಯಾಯಿತು. ಎಂಬತ್ತಮೂರು ವಯಸ್ಸು. ಇಷ್ಟು ದಿನ ನಾನು ನನ್ನ ಕೆಲಸದಲ್ಲಿ ಮುಳುಗಿ ಅವರ ಕಡೆ ಗಮನ ಕೊಡಲಿಲ್ಲ.

ಆಗಸ್ಟ್ ೨೪, ಶನಿವಾರ

ನೆನಪಿನ ತೊಂದರೆ ನೋಡುವ ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಹೊರಟವರ ಹಾಗೆ ಬಂದರು.

ವೈದ್ಯರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಗಡಿಯಾರ ಬರೆಯಿರಿ ಎಂದರು. ಅಪ್ಪ ಎಲ್ಲಕ್ಕೂ ಉತ್ತರ ಕೊಟ್ಟರು. ಕೊಟ್ಟ ಕಾಗದದಲ್ಲೇ ಒಂದು ಅಕ್ಷರತಪ್ಪು ತೋರಿಸಿ ವೈದ್ಯರನ್ನು ನಗಿಸಿದರು. ಹಳೆಯದು ಹೀಗೆ ನಿಲ್ಲುತ್ತದೆ, ಹೋಗುವುದು ಇತ್ತೀಚಿನದು ಎಂದು ನಾನು ಹೇಳಿದೆ. ಸರಿ, ಈ ವರ್ಷ ನಿಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಿ ಎಂದರು ವೈದ್ಯರು.

ಅಪ್ಪ ಹೇಳಿದರು. ನಿಧಾನವಾಗಿ, ಒಂದೊಂದೇ ವಾಕ್ಯ. ನನ್ನ ಮಗಳ ಪ್ರಯೋಗಾಲಯದಲ್ಲಿ ಎಡಗೈಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ತೂಕ ತಪ್ಪಿದಳು, ಮಗಳು ಬೈದಳು. ಅವಳು ಅದನ್ನು ಇಟ್ಟುಕೊಂಡು ಅಳೆದಳು. ಮಗಳು ಮನೆಗೆ ಬಂದು ಅದನ್ನು ನನಗೆ ಹೇಳಿದ ದಿನ ಎಷ್ಟು ಖುಷಿಯಾಗಿದ್ದಳು ಎಂದರೆ, ನಾನು ಅವಳನ್ನು ಅಷ್ಟು ಚೆನ್ನಾಗಿ ಕಂಡದ್ದೇ ಇಲ್ಲ.

ವೈದ್ಯರು ನನ್ನ ಕಡೆ ತಿರುಗಿದರು. "ಹೀಗೇ ಆಗಿದ್ದಾ ಮೇಡಂ?"

"ಇಲ್ಲ," ಎಂದೆ. "ಹಾಗೇನೂ ಆಗಿಲ್ಲ."

ಅಪ್ಪ ನನ್ನನ್ನು ನೋಡಿದರು. ಕೋಪವಿರಲಿಲ್ಲ. ಚಿಕ್ಕವಳಿದ್ದಾಗ ನಾನು ಬಿದ್ದು ಮಂಡಿ ತರಚಿಕೊಂಡು ಬಂದರೆ ಹಾಗೆ ನೋಡುತ್ತಿದ್ದರು. ಆಮೇಲೆ ವೈದ್ಯರಿಗೆ ಹೇಳಿದರು:

"ಅವಳು ಹೇಳಿದ ಹಾಗೇ ಬರ್ಕೊಳ್ಳಿ. ನನಗೆ ಮರೆವು."

ಮೂರು ತಿಂಗಳಿಗೆ ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಇವತ್ತಿನದನ್ನು ಮನೆಗೆ ಬಂದ ಮೇಲೆ ಕೊಟ್ಟೆ, ಹಟ ಮಾಡುತ್ತಾರೇನೋ ಎಂದು ನೀರು ಹಿಡಿದು ಎದುರಿಗೇ ನಿಂತಿದ್ದೆ. ಅಂಗೈ ಚಾಚಿದರು, ನುಂಗಿದರು. ಪಾಪ, ಒಳ್ಳೆಯವರು. ಸಮಯಕ್ಕೆ ಸರಿಯಾಗಿ ಗೊತ್ತಾಯಿತು.